ದಾವಣಗೆರೆಯಿಂದ ನೇತ್ರಾಣಿಗೆ: ಕಡಲು ಕೆರಳಿದ ದಿನದ ಸ್ಕೂಬಾ

ಮೊದಲ ಸಲ ಸ್ಕೂಬಾ ಡೈವಿಂಗಿಗೆಂದು ಮುರುಡೇಶ್ವರಕ್ಕೆ ಹೋದಾಗ ನಾನು ಸಮುದ್ರದ ಒಳಗೆ ಕಳೆದದ್ದು ಇಪ್ಪತ್ತೈದು ನಿಮಿಷ. ಬೋಟಿನ ಅಂಚಿಗೆ ಕುತ್ತಿಗೆ ಚಾಚಿಕೊಂಡು ಕಳೆದದ್ದು ಹೆಚ್ಚುಕಡಿಮೆ ಮೂರು ಗಂಟೆ. ಊರು ಬಿಡುವ ಮುನ್ನ ತಿಂದಿದ್ದ ಬೆಣ್ಣೆ ದೋಸೆ, ದಾರಿಗೆಂದು ಕಟ್ಟಿಸಿಕೊಂಡಿದ್ದ ಮಿರ್ಚಿ, ಬೆಳಿಗ್ಗೆ ಕುಡಿದ ಕಾಫಿ, ಎಲ್ಲವೂ ಒಂದರ ಹಿಂದೊಂದು ಅರಬ್ಬೀ ಸಮುದ್ರಕ್ಕೆ ಸಂದವು. ಪಕ್ಕದಲ್ಲಿ ಕುಳಿತಿದ್ದ ಭಾವ, ಅವರೂ ದಾವಣಗೆರೆಯವರೇ, ನನಗಿಂತ ಹತ್ತು ನಿಮಿಷ ಮೊದಲೇ ಶುರುಮಾಡಿದ್ದರು.

ಆಮೇಲೆ ಇನ್ನೂ ಮೂರು ಸಲ ಹೋಗಿ ಬಂದಿದ್ದೇನೆ. ಅಷ್ಟರಲ್ಲಿ ಒಂದು ಮಾತು ಖಚಿತವಾಗಿದೆ: ನಮ್ಮಂಥ ಬಯಲುಸೀಮೆಯವರಿಗೆ ನೀರಿನ ಅಡಿಯ ಅರ್ಧ ಗಂಟೆ ಕಷ್ಟವಲ್ಲ, ಅಲ್ಲಿ ಹಿಡಿದು ನಡೆಸಲು ತರಬೇತುದಾರರಿರುತ್ತಾರೆ. ಕಷ್ಟವಿರುವುದು ನೀರಿಗೆ ಇಳಿಯುವ ಮೊದಲಿನ ಬೋಟಿನಲ್ಲಿ, ನೀರಿನಿಂದ ಎದ್ದು ಬಂದ ನಂತರದ ಘಾಟಿಯಲ್ಲಿ. ಜಾಹೀರಾತಿನ ಚಿತ್ರಗಳಲ್ಲಿ ಈ ಎರಡೂ ಇರುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಮೀನುಗಳ ಬಗ್ಗೆ ಕಡಿಮೆ, ಹೊಟ್ಟೆಯ ಬಗ್ಗೆ ಹೆಚ್ಚು ಬರೆದಿದ್ದೇನೆ.

ದಿನ ಗೊತ್ತುಮಾಡುವಾಗ

ನೇತ್ರಾಣಿ ದ್ವೀಪ ಇರುವುದು ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ. ಬೋಟಿನಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ, ಅಲೆ ಎದುರಾದರೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಕರಾವಳಿಯ ಯಾಂತ್ರಿಕ ಮೀನುಗಾರಿಕೆಗೇ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ನಿಷೇಧವಿರುತ್ತದೆ. ಮಳೆ ನಿಂತು ಕಡಲು ತಿಳಿಯಾದ ಮೇಲೆ ಶುರುವಾಗುವ ಡೈವಿಂಗ್ ಮೇ ತಿಂಗಳವರೆಗೆ ನಡೆಯುತ್ತದೆ. ನನ್ನನ್ನು ಕೇಳಿದರೆ ಡಿಸೆಂಬರ್, ಜನವರಿ ಅತ್ಯುತ್ತಮ. ಋತುವಿನ ಎರಡು ತುದಿಗಳನ್ನು ನಂಬುವಂತಿಲ್ಲ. ಅರಬ್ಬೀ ಸಮುದ್ರದ ಚಂಡಮಾರುತಗಳು ಏಳುವುದು ಮುಂಗಾರಿಗೆ ಮುಂಚೆ ಮತ್ತು ಮುಂಗಾರು ಹಿಂದೆ ಸರಿದ ಮೇಲೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಹೇಗೆ ಬಡಿಯಿತು ಎಂಬುದು ನೆನಪಿರಬಹುದು.

ಹವಾಮಾನ ನೋಡುವಾಗ ನಾವೆಲ್ಲ ಮಾಡುವ ತಪ್ಪೆಂದರೆ ಮೊಬೈಲಿನಲ್ಲಿ ಮಳೆಯ ಚಿತ್ರ ಇದೆಯೇ ಎಂದಷ್ಟೇ ನೋಡುವುದು. ಕಡಲಿಗೂ ಮಳೆಗೂ ಅಂಥ ನಂಟಿಲ್ಲ. ದಾವಣಗೆರೆಯಲ್ಲಿ ಬೇವಿನ ಎಲೆ ಅಲುಗದ ದಿನ, ಮುರುಡೇಶ್ವರದಲ್ಲೂ ಆಕಾಶ ನಿಚ್ಚಳವಾಗಿರುವ ದಿನ, ನೀರು ಮಾತ್ರ ಏರಿಳಿಯುತ್ತಿರಬಹುದು. ಎಲ್ಲೋ ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಗಾಳಿಯ ಅಲೆಗಳು ದಿನಗಟ್ಟಲೆ ಪಯಣಿಸಿ ನಮ್ಮ ದಡಕ್ಕೆ ಬರುತ್ತವೆ. ಗಾಳಿಯ ಸುಳಿವೇ ಇಲ್ಲದೆ ಹೀಗೆ ಬರುವ ಉಬ್ಬರಕ್ಕೆ ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು, ಒಳ್ಳೆಯ ಹೆಸರು.

ನೀವು ನೋಡಬೇಕಾದದ್ದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಕಡಲಿನ ಮುನ್ಸೂಚನೆ. ಮೀನುಗಾರರಿಗಾಗಿಯೇ ಇರುವ ಈ ಮಾಹಿತಿ ಎಲ್ಲರಿಗೂ ಉಚಿತ. ಅದರಲ್ಲಿ ಎರಡು ಅಂಕಿ ಮುಖ್ಯ: ಅಲೆಯ ಎತ್ತರ ಮತ್ತು ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಸೆಕೆಂಡುಗಳು. ಎತ್ತರ ಎಂದು ಕೊಟ್ಟಿರುವುದು ದೊಡ್ಡ ಅಲೆಗಳ ಸರಾಸರಿ. ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೆಯ ಒಂದು ಪಾಲು ಅಲೆಗಳನ್ನಷ್ಟೇ ತೆಗೆದುಕೊಂಡು ಮಾಡಿದ ಲೆಕ್ಕ ಅದು. ಹಾಗಾಗಿ ಒಂದೂವರೆ ಮೀಟರ್ ಎಂದಿದ್ದರೂ ನಡುನಡುವೆ ಎರಡೂವರೆ ಮೀಟರಿನದು ಬಂದರೆ ಆಶ್ಚರ್ಯಪಡಬೇಡಿ. ನನ್ನ ಸ್ವಂತ ಅಳತೆ ಹೀಗಿದೆ: ಒಂದು ಮೀಟರಿನೊಳಗಿದ್ದರೆ ಕುಟುಂಬದೊಂದಿಗೆ ಹೋಗುತ್ತೇನೆ, ಒಂದೂವರೆಗೆ ಗೆಳೆಯರೊಂದಿಗೆ ಮಾತ್ರ, ಎರಡು ಮುಟ್ಟಿದರೆ ಬೋಟು ಹೊರಟರೂ ನಾನು ದಡದಲ್ಲಿ ಕುಳಿತು ಎಳನೀರು ಕುಡಿಯುತ್ತೇನೆ. ಹವಾಮಾನ ಇಲಾಖೆ ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಎಂದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಹುಟ್ಟಿನಿಂದ ಕಡಲು ಕಂಡವರು ಹೋಗದ ದಿನ ಭದ್ರಾ ನಾಲೆಯಲ್ಲಿ ಈಜು ಕಲಿತ ನಾವು ಹೋಗುವುದು ಬೇಡ.

ಸೆಕೆಂಡುಗಳ ಲೆಕ್ಕ ಏಕೆ ಬೇಕೆಂದರೆ, ತೆರೆದ ಕಡಲಿನಲ್ಲಿ ನಾಲ್ಕು ಸೆಕೆಂಡಿಗೊಂದು ಬರುವ ಅಲೆಯ ಉದ್ದ ಸುಮಾರು 25 ಮೀಟರ್, ಹತ್ತು ಸೆಕೆಂಡಿನದು ಸುಮಾರು 150 ಮೀಟರ್. ಅಲೆಯ ತೂಗಾಟ ಅದರ ಉದ್ದದ ಅರ್ಧದಷ್ಟು ಆಳದವರೆಗೂ ಇಳಿಯುತ್ತದೆ. ಗಿಡ್ಡ ಅಲೆ ಬೋಟನ್ನು ಕುಟ್ಟುತ್ತದೆ, ಆದರೆ ಹತ್ತು ಮೀಟರ್ ಕೆಳಗೆ ಹೋದರೆ ನೀರು ಮಲಗಿರುತ್ತದೆ. ಉದ್ದನೆಯ ಅಲೆ ಬೋಟನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತದೆ, ಆದರೆ ಕೆಳಗೆ ಇಳಿದ ಮೇಲೂ ನಿಮ್ಮನ್ನು ಬಂಡೆಯ ಕಡೆಗೊಮ್ಮೆ, ಆಚೆಗೊಮ್ಮೆ ಸರಿಸುತ್ತಲೇ ಇರುತ್ತದೆ.

ಹಣ ಕಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿ: ಕಡಲು ಸರಿಯಿಲ್ಲದೆ ರದ್ದಾದರೆ ಹಣ ವಾಪಸೋ, ಬೇರೆ ದಿನವೋ? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ನಮ್ಮ ಎರಡನೆಯ ಪ್ರವಾಸದಲ್ಲಿ ಹೀಗೆ ಕೇಳದೆ ಹೋಗಿದ್ದೆವು. ಬೆಳಿಗ್ಗೆ ದಡದಲ್ಲಿ ನಿಂತಾಗ ಕಣ್ಣಿಗೆ ಕಾಣುವಷ್ಟು ದೂರವೂ ನೀರಿನ ಮೇಲೆ ಬಿಳಿ ನೊರೆ. ‘ಬರದಿದ್ದರೆ ಹಣ ಹೋಯಿತು’ ಎಂದರು ಡೈವಿಂಗಿನವರು. ಹೋದ ಹಣದ ಆಸೆಗೆ ಹತ್ತಿದೆವು. ಅರ್ಧ ದಾರಿಯಲ್ಲಿ ಬೋಟು ನಡೆಸುವ ತಾಂಡೇಲರೇ ಅದರ ಮೂತಿ ತಿರುಗಿಸಿ ವಾಪಸು ಕರೆತಂದರು. ನನಗೆ ಆ ಮನುಷ್ಯನ ಮೇಲೆ ಇಂದಿಗೂ ಗೌರವವಿದೆ.

ದೇಹ ಒಪ್ಪುತ್ತದೆಯೇ

ಹೊಸಬರ ಡೈವಿಂಗಿಗೆ ಕನಿಷ್ಠ ವಯಸ್ಸು 10. ಈಜು ಬರಲೇಬೇಕೆಂದಿಲ್ಲ. ಹೋಗುವ ಮೊದಲು ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆ, ಸಾಲಾಗಿ ‘ಇಲ್ಲ, ಇಲ್ಲ’ ಎಂದು ಗೀಚಬೇಡಿ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ಹಿಂದೆ ಶ್ವಾಸಕೋಶಕ್ಕೆ ಬಂದಿದ್ದ ಕಾಯಿಲೆ ಇದ್ದರೆ ಊರಿನಲ್ಲೇ ವೈದ್ಯರನ್ನು ಕಂಡು ಬನ್ನಿ. ಗರ್ಭಿಣಿಯರಿಗೆ ಬೇಡವೇ ಬೇಡ. ನೆಗಡಿಯಾಗಿದ್ದರೆ ಮುಂದೂಡಿ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿಯಾಗುವುದಿಲ್ಲ, ಒಂದು ಭಾನುವಾರದ ಆಸೆಗೆ ಕಿವಿಯ ತಮಟೆ ಹರಿದುಕೊಳ್ಳಬೇಕಾಗುತ್ತದೆ.

ಇನ್ನೊಂದು, ನಗಬೇಡಿ: ಮೀಸೆ. ಕಣ್ಣು, ಮೂಗು ಮುಚ್ಚುವ ಡೈವಿಂಗ್ ಮಾಸ್ಕಿನ ಅಂಚು ಮೂಗಿನ ಕೆಳಗೆ ಚರ್ಮಕ್ಕೆ ಅಂಟಿ ಕೂರಬೇಕು. ದುರ್ಗದ ಪಾಳೇಗಾರರ ಮಾದರಿಯ ಮೀಸೆ ಇದ್ದರೆ ಕೂದಲಿನ ಸಂದಿಯಿಂದ ನೀರು ಒಸರುತ್ತಲೇ ಇರುತ್ತದೆ. ಪೂರ್ತಿ ಬೋಳಿಸಬೇಕಿಲ್ಲ, ಮೂಗಿನ ಬುಡಕ್ಕೆ ಹತ್ತಿ ಒಂದು ಸಣ್ಣ ಗೆರೆಯಷ್ಟು ತೆಗೆದರೆ ಸಾಕು. ಭಾವ ಒಪ್ಪಲಿಲ್ಲ. ಅರ್ಧ ಗಂಟೆ ಮೂಗಿನವರೆಗೆ ಉಪ್ಪುನೀರು ತುಂಬಿಕೊಂಡು ಮೀನು ನೋಡಿದರು.

ಹಿಂದಿನ ದಿನ

ಶಿವಮೊಗ್ಗ, ಸಾಗರ, ಗೇರುಸೊಪ್ಪೆ ಘಾಟಿ, ಹೊನ್ನಾವರದ ದಾರಿಯಾಗಿ ದಾವಣಗೆರೆಯಿಂದ ಮುರುಡೇಶ್ವರ ಆರೇಳು ಗಂಟೆಯ ಪ್ರಯಾಣ. ಚಿತ್ರದುರ್ಗದವರಿಗೆ ಇನ್ನೊಂದು ಗಂಟೆ ಹೆಚ್ಚು. ರಾತ್ರಿ ಹೊರಟು ಬೆಳಿಗ್ಗೆ ನೇರವಾಗಿ ಬೋಟು ಹತ್ತುವ ಯೋಜನೆಯನ್ನು ಎಲ್ಲ ಗುಂಪಿನಲ್ಲೂ ಒಬ್ಬರು ಮುಂದಿಡುತ್ತಾರೆ. ಅವರ ಮಾತು ಕೇಳಬೇಡಿ. ಘಾಟಿಯ ತಿರುವುಗಳಲ್ಲಿ ಆಗಲೇ ತಲೆ ತಿರುಗಿರುತ್ತದೆ, ನಿದ್ದೆಯೂ ಇರುವುದಿಲ್ಲ. ನಿದ್ದೆಗೆಟ್ಟವರನ್ನು ಕಡಲು ಬೇಗ ಕೆಡವುತ್ತದೆ. ಹಿಂದಿನ ಮಧ್ಯಾಹ್ನವೇ ತಲುಪಿ, ಸಂಜೆ 123 ಅಡಿಯ ಶಿವನ ನೆರಳಿನಲ್ಲಿ ಕುಳಿತು, ಬೇಗ ಉಂಡು ಮಲಗಿ. ಮದ್ಯ ಬೇಡ. ರಜೆಗೆ ಬಂದು ಇದೆಂಥ ಶಿಕ್ಷೆ ಎನಿಸಿದರೆ, ಮರುದಿನ ರಾತ್ರಿಯವರೆಗೆ ತಡೆದುಕೊಳ್ಳಿ.

ಊಟ ಸಾದಾ ಇರಲಿ: ಅನ್ನ, ತಿಳಿಸಾರು, ಮಜ್ಜಿಗೆ. ಬೆಳಿಗ್ಗೆ ಬೋಟಿಗೆ ಒಂದೂವರೆ ಎರಡು ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು. ಬರಿಹೊಟ್ಟೆಯಲ್ಲಿ ಹೋದರೆ ಒಳ್ಳೆಯದು ಎಂಬುದು ತಪ್ಪು ಲೆಕ್ಕ. ಖಾಲಿ ಹೊಟ್ಟೆ ಇನ್ನೂ ಬೇಗ ತೊಳಸುತ್ತದೆ, ವಾಂತಿಗೆ ಏನೂ ಇಲ್ಲದಾಗ ಬರುವ ಪಿತ್ತದ ಕಹಿ ದೋಸೆಗಿಂತ ಕೆಟ್ಟದು. ಎಣ್ಣೆ, ಬೆಣ್ಣೆ, ಹಾಲು, ಕಾಫಿ ದೂರವಿಡಿ.

ಜೊತೆಗೆ ಕೊಂಡೊಯ್ಯಲು ನಮ್ಮೂರಿನ ಮಂಡಕ್ಕಿಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಹೊರಡುವ ದಿನ ಮಂಡಕ್ಕಿ ಭಟ್ಟಿಯ ಕಡೆ ಹೋಗಿ ಒಂದೆರಡು ಸೇರು ಬರಿ ಮಂಡಕ್ಕಿ ತನ್ನಿ. ಖಾರ ಹಚ್ಚಿದ್ದಲ್ಲ, ಒಗ್ಗರಣೆಯದೂ ಅಲ್ಲ. ಬಾಯಿ ಕಟ್ಟಿದ ಚೀಲದಲ್ಲಿಟ್ಟುಕೊಂಡು ಬೋಟಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಮೇಲೆ ಎರಡು ಗುಟುಕು ನೀರು ಕುಡಿಯಿರಿ. ಒಣಗಿದ್ದು, ಹಗುರ, ವಾಸನೆಯಿಲ್ಲ, ಹೊಟ್ಟೆಗೆ ಏನೋ ಕೆಲಸ ಕೊಟ್ಟಂತೆ. ಜೊತೆಗೆ ಒಂದು ತುಂಡು ಹಸಿಶುಂಠಿ.

ಮಾತ್ರೆಯ ವಿಷಯ: ಪ್ರಯಾಣದ ವಾಂತಿಗೆ ಔಷಧಿ ಅಂಗಡಿಗಳಲ್ಲಿ ಸಿಗುವ ಅವೊಮಿನ್‌ನಂಥವು ಕೆಲಸ ಮಾಡುತ್ತವೆ, ಆದರೆ ತೂಕಡಿಕೆ ತರುತ್ತವೆ. ತೂಕಡಿಕೆ ಇಟ್ಟುಕೊಂಡು ನೀರಿನಾಳಕ್ಕೆ ಇಳಿಯುವುದು ಸರಿಯಲ್ಲ. ಆದ್ದರಿಂದ ಡೈವಿಂಗ್ ಮಾಡಲಿದ್ದೇನೆ ಎಂದು ವೈದ್ಯರಿಗೆ ತಿಳಿಸಿಯೇ ಬರೆಸಿಕೊಳ್ಳಿ, ಒಂದು ವಾರ ಮುಂಚೆ ಮನೆಯಲ್ಲಿ ಒಮ್ಮೆ ನುಂಗಿ ನಿಮಗೆ ಎಷ್ಟು ನಿದ್ದೆ ಬರುತ್ತದೆ ನೋಡಿ. ನುಂಗುವುದು ಬೋಟು ಹತ್ತುವ ಮೊದಲು, ವೈದ್ಯರು ಹೇಳಿದ ಹೊತ್ತಿಗೆ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ ಮಾತ್ರೆ ಮೀನುಗಳ ಪಾಲು.

ಬೋಟಿನಲ್ಲಿ

ಹತ್ತುವಾಗಲೇ ಜಾಗ ಹಿಡಿಯಿರಿ. ಬೋಟಿನ ಮುಂತುದಿ ಚಿತ್ರಕ್ಕೆ ಚೆಂದ, ಆದರೆ ಅದು ಎತ್ತಿನ ಗಾಡಿಯ ಮೂಕಿಯ ಹಾಗೆ, ಎಲ್ಲಕ್ಕಿಂತ ಹೆಚ್ಚು ಎದ್ದು ಬೀಳುವುದು ಅದೇ. ನಡುವಿನಿಂದ ತುಸು ಹಿಂದೆ, ಆದಷ್ಟು ಕೆಳಗೆ, ಡೀಸೆಲ್ ಹೊಗೆ ಮುಖಕ್ಕೆ ಬಾರದ ಕಡೆ ಕುಳಿತುಕೊಳ್ಳಿ. ಕುಳಿತ ಮೇಲೆ ಮೊದಲ ಕೆಲಸ ಲೈಫ್ ಜಾಕೆಟ್ ಕಟ್ಟಿಕೊಳ್ಳುವುದು, ಎರಡನೆಯದು ಮೊಬೈಲನ್ನು ಒಳಗಿಡುವುದು.

ಏಕೆ ವಾಂತಿಯಾಗುತ್ತದೆ ಎಂಬುದು ಗೊತ್ತಿದ್ದರೆ ತಡೆಯುವುದು ಸುಲಭ. ಒಳಗಿವಿಯಲ್ಲಿರುವ ಸಮತೋಲನದ ಅಂಗ ‘ತೂಗುತ್ತಿದ್ದೇವೆ’ ಎನ್ನುತ್ತದೆ. ಎದುರಿನ ಹಲಗೆಯನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಎನ್ನುತ್ತದೆ. ಈ ಜಗಳದ ದಂಡ ಹೊಟ್ಟೆ ಕಟ್ಟುತ್ತದೆ. ಕಣ್ಣಿಗೂ ನಿಜ ತೋರಿಸಿ, ಅಂದರೆ ದೂರದಲ್ಲಿ ಅಲುಗದೆ ನಿಂತಿರುವುದನ್ನು ನೋಡಿ. ಮೊದಲ ಸಲ ನನ್ನ ಅವಸ್ಥೆ ಕಂಡು ತಾಂಡೇಲರು ಹೇಳಿದ್ದು ಇಷ್ಟೇ: ‘ನೀರು ನೋಡಬೇಡಿ, ಗುಡ್ಡ ನೋಡಿ.’ ಹಿಂದೆ ಪಶ್ಚಿಮ ಘಟ್ಟದ ಸಾಲು, ಅದರ ಮುಂದೆ ಮುರುಡೇಶ್ವರದ ಗೋಪುರ ಒಂದು ಕಡ್ಡಿಯಂತೆ. ಅದರ ಮೇಲೆ ಕಣ್ಣು ನೆಟ್ಟ ಐದು ನಿಮಿಷಕ್ಕೆ ಹೊಟ್ಟೆ ಒಂದು ಹಂತಕ್ಕೆ ಬಂದಿತ್ತು. ಆಮೇಲೆ ನಾನು ಬುದ್ಧಿ ಕೆಟ್ಟು ಚೀಲದ ಜಿಪ್ ಹುಡುಕಲು ಬಗ್ಗಿದೆ.

ಹಾಗಾಗಿ ಬಗ್ಗಿ ಮಾಡುವ ಕೆಲಸ, ಓದುವ ಕೆಲಸ, ವೆಟ್‌ಸೂಟಿನೊಳಗೆ ಕಾಲು ತುರುಕುವ ಸರ್ಕಸ್ಸು, ಇವೆಲ್ಲ ದಡದಲ್ಲೇ ಮುಗಿದಿರಲಿ. ಸೂಟನ್ನು ಸೊಂಟದವರೆಗೆ ಮಾತ್ರ ಏರಿಸಿಕೊಂಡಿರಿ, ಬಿಸಿಲಿಗೆ ಬೆಂದರೂ ವಾಕರಿಕೆ ಬರುತ್ತದೆ.

ವಾಂತಿ ಬಂದೇಬಿಟ್ಟರೆ ನಾಚಬೇಡಿ, ಆದರೆ ಬದಿ ನೋಡಿಕೊಳ್ಳಿ. ಗಾಳಿ ಬೀಸುವ ಕಡೆಗೆ ಮುಖ ಮಾಡಿದರೆ ಹೊರಗೆ ಹಾಕಿದ್ದು ನಿಮಗೇ ವಾಪಸು. ಗಾಳಿ ಬೆನ್ನಿಗಿರಲಿ, ಒಬ್ಬರು ಜಾಕೆಟ್ ಹಿಡಿದುಕೊಂಡಿರಲಿ. ಶೌಚಾಲಯವಿದ್ದರೂ ಅದರೊಳಗೆ ಹೋಗಬೇಡಿ, ಮುಚ್ಚಿದ ಜಾಗದಲ್ಲಿ ಇನ್ನಷ್ಟು ಕೆಡುತ್ತದೆ. ಬಾಯಿ ಮುಕ್ಕಳಿಸಿ, ಎರಡು ಗುಟುಕು ನೀರು, ಮತ್ತೆ ಗುಡ್ಡ.

ನಿಜವಾದ ಪರೀಕ್ಷೆ ನೇತ್ರಾಣಿ ಮುಟ್ಟಿದ ಮೇಲೆ. ಸಾಗುವ ಬೋಟಿಗೆ ಒಂದು ಹದವಿರುತ್ತದೆ. ಲಂಗರು ಹಾಕಿ ಎಂಜಿನ್ ನಿಲ್ಲಿಸಿದ ಕೂಡಲೇ ಅದು ಬದಿಯಿಂದ ಬದಿಗೆ ಹೊರಳತೊಡಗುತ್ತದೆ. ದಾರಿಯುದ್ದಕ್ಕೂ ಗಟ್ಟಿಯಾಗಿದ್ದವರು ಮಲಗುವುದು ಇಲ್ಲಿಯೇ. ಹೊಟ್ಟೆ ಸೂಕ್ಷ್ಮವಿದ್ದವರು ಮೊದಲೇ ತರಬೇತುದಾರರಿಗೆ ಹೇಳಿ, ಮೊದಲ ಸರದಿಯಲ್ಲೇ ನೀರಿಗಿಳಿಯಿರಿ. ನಾಲ್ಕೈದು ಮೀಟರ್ ಕೆಳಗೆ ಹೋದ ಮೇಲೆ ಅರ್ಧಕ್ಕರ್ಧ ತೊಳಸಾಟ ತಾನೇ ಇಳಿಯುತ್ತದೆ. ಆದರೆ ಸುಸ್ತಾಗಿ, ಕೈ ನಡುಗುತ್ತಾ, ನೀರನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದ ಸ್ಥಿತಿ ಇದ್ದರೆ ‘ನನಗೆ ಬೇಡ’ ಎನ್ನಿ. ಹಣ ಕಟ್ಟಿದ್ದೇವೆ ಎಂಬುದು ಇಳಿಯಲು ಕಾರಣವಲ್ಲ.

ದ್ವೀಪಕ್ಕೆ ಹತ್ತುವ ಯೋಚನೆ ಮಾಡಬೇಡಿ. ನೌಕಾಪಡೆ ಅದನ್ನು ಗುರಿಯ ಅಭ್ಯಾಸಕ್ಕೆ ಬಳಸುತ್ತಾ ಬಂದಿದೆ, ಸಿಡಿಯದ ಶೆಲ್ಲುಗಳು ಅಲ್ಲಿ ಬಿದ್ದಿರಬಹುದು.

ನೀರಿನೊಳಗೆ

ಇಲ್ಲಿ ಹೇಳುವುದು ಕಡಿಮೆ, ಆದರೆ ನಾಲ್ಕು ಮಾತು ಗಟ್ಟಿ. ಹೊಸಬರನ್ನು 12 ಮೀಟರಿಗಿಂತ ಕೆಳಗೆ ಕರೆದೊಯ್ಯುವಂತಿಲ್ಲ. ಅಂದರೆ ನಲವತ್ತು ಅಡಿ, ನಮ್ಮ ಕಡೆಯ ಹಳೆಯ ತೋಟದ ಬಾವಿಯಷ್ಟು. ಒಬ್ಬ ಹೊಸಬರಿಗೆ ಒಬ್ಬ ತರಬೇತುದಾರ ಇರಬೇಕೆಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ. ಬೋಟಿನಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ ಎಂಬುದನ್ನೂ.

ಉಸಿರು ಕಟ್ಟಬೇಡಿ, ಇದು ಎಲ್ಲಕ್ಕಿಂತ ದೊಡ್ಡ ನಿಯಮ. ನಾಲೆಯಲ್ಲಿ ಮುಳುಗು ಹಾಕಿ ಬೆಳೆದವರಿಗೆ ನೀರೆಂದರೆ ಉಸಿರು ಬಿಗಿ ಹಿಡಿಯುವುದೇ ಅಭ್ಯಾಸ. ಇಲ್ಲಿ ಅದೇ ಅಪಾಯ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಹಿಗ್ಗಿ ಎರಡರಷ್ಟಾಗುತ್ತದೆ. ಬಾಯಿ ಬಿಗಿದಿದ್ದರೆ ಶ್ವಾಸಕೋಶ ಹರಿಯಬಹುದು.

ಕಿವಿಯನ್ನು ಮೊದಲ ಮೀಟರಿನಿಂದಲೇ ಸರಿಪಡಿಸಿಕೊಳ್ಳುತ್ತಾ ಇಳಿಯಿರಿ: ಮೂಗು ಹಿಡಿದು ಮೆಲ್ಲಗೆ ಊದಿದರೆ ಪಟ್ ಎನ್ನುತ್ತದೆ. ನೋವು ಬಂದ ಮೇಲೆ ಅಲ್ಲ, ಬರುವ ಮೊದಲು. ನೋವಾದರೆ ತುಸು ಮೇಲೆ ಬಂದು ಮತ್ತೆ ಪ್ರಯತ್ನಿಸಿ.

ಹೆಬ್ಬೆರಳು ಎತ್ತಬೇಡಿ. ನಮ್ಮಲ್ಲಿ ಅದು ‘ಸೂಪರ್’. ನೀರಿನಲ್ಲಿ ಅದರ ಅರ್ಥ ‘ಮೇಲಕ್ಕೆ ಹೋಗೋಣ’. ಮೂರನೆಯ ಪ್ರವಾಸದಲ್ಲಿ ಜೊತೆಗಿದ್ದ ಹುಡುಗನೊಬ್ಬ ಗಿಳಿಮೀನಿನ ಹಿಂಡು ಕಂಡ ಖುಷಿಗೆ ಎರಡೂ ಹೆಬ್ಬೆರಳು ಎತ್ತಿದ. ತರಬೇತುದಾರರು ಅವನನ್ನು ಆದರದಿಂದ ಮೇಲಕ್ಕೆ ಕರೆದುಕೊಂಡು ಹೋದರು. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ನೀರಿನಲ್ಲೂ ವಾಕರಿಕೆ ಬಂದರೆ ಉಸಿರಾಡಲು ಕಚ್ಚಿಕೊಂಡಿರುವ ರೆಗ್ಯುಲೇಟರನ್ನು ಬಾಯಿಯಿಂದ ತೆಗೆಯಬೇಡಿ. ಅದರೊಳಗೇ ವಾಂತಿ ಮಾಡಿ, ಗುಂಡಿ ಒತ್ತಿ ಗಾಳಿ ಹಾಯಿಸಿದರೆ ಚೊಕ್ಕವಾಗುತ್ತದೆ. ಕೇಳಲು ಅಸಹ್ಯ, ಆದರೆ ತೆಗೆದ ಮರುಕ್ಷಣ ಬರುವ ಏದುಸಿರಿಗೆ ಒಳಗೆ ಹೋಗುವುದು ಉಪ್ಪುನೀರು.

ಏಣಿ ಹತ್ತುವಾಗ

ಕೆರಳಿದ ಕಡಲಿನಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಇಲ್ಲಿ, ಎಲ್ಲ ಮುಗಿಯಿತು ಎಂದು ಮನಸ್ಸು ಸಡಿಲವಾದಾಗ. ನೀರಿನ ಮೇಲೆ ತಲೆ ಬಂದ ಕೂಡಲೇ ಮಾಸ್ಕ್ ಕಿತ್ತು ಹಣೆಗೇರಿಸಬೇಡಿ. ಅಲೆ ಮುಖಕ್ಕೆ ಹೊಡೆಯುತ್ತಿರುತ್ತದೆ, ಮಾಸ್ಕ್ ಕಣ್ಣಿನ ಮೇಲೆ, ರೆಗ್ಯುಲೇಟರ್ ಬಾಯಲ್ಲಿ, ಡೈವಿಂಗ್ ಜಾಕೆಟಿನಲ್ಲಿ ಗಾಳಿ ತುಂಬಿರಲಿ. ಬೋಟಿನ ಹಿಂದೆ ಬಿಟ್ಟಿರುವ ಹಗ್ಗ ಹಿಡಿದು ಸರದಿಗೆ ಕಾಯಿರಿ. ಮುಂದಿನವರು ಏಣಿಯ ಮೇಲಿರುವಾಗ ಅವರ ಕೆಳಗೆ ಹೋಗಬೇಡಿ. ಜಾರಿದರೆ ಬೆನ್ನಿನ ಸಿಲಿಂಡರ್ ಸಮೇತ ನಿಮ್ಮ ತಲೆಯ ಮೇಲೆಯೇ.

ಏಣಿ ಒಂದೇ ಕಡೆ ನಿಂತಿರುವುದಿಲ್ಲ. ಅಲೆ ಬಂದಾಗ ಎರಡು ಮೆಟ್ಟಿಲು ನೀರಿನಿಂದ ಮೇಲೆದ್ದು, ಮರುಕ್ಷಣ ಧೊಪ್ಪೆಂದು ಇಳಿಯುತ್ತದೆ. ಎರಡು ಮೂರು ಸಲ ಹಾಗೇ ನೋಡಿ ತಾಳ ಹಿಡಿಯಿರಿ. ಏಣಿ ಇಳಿದಾಗ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕಾಲಿಡಿ, ಬೋಟು ಏಳುವಾಗ ಅದೇ ನಿಮ್ಮನ್ನು ಎತ್ತಿಕೊಳ್ಳುತ್ತದೆ. ಜಾತ್ರೆಯ ತಿರುಗುವ ತೊಟ್ಟಿಲು ಹತ್ತಿದ ಹಾಗೆ, ಅದು ನಿಮ್ಮ ಬಳಿಗೆ ಬಂದಾಗ ಹತ್ತಬೇಕು, ನೀವು ಅದರ ಹಿಂದೆ ಹಾರಬಾರದು. ಏಣಿಗೂ ಬೋಟಿನ ಹಲಗೆಗೂ ನಡುವಿನ ಸಂದಿಯಲ್ಲಿ ಬೆರಳು ಹೋಗದಿರಲಿ. ಭಾರ ಎನಿಸಿದರೆ ಸಿಲಿಂಡರನ್ನೂ ಕಾಲಿಗೆ ತೊಟ್ಟ ಫಿನ್ಸ್‌ಗಳನ್ನೂ ನೀರಿನಲ್ಲೇ ಬಿಚ್ಚಿಸಿಕೊಂಡು ಮೇಲಿನವರಿಗೆ ಕೊಡಿ, ಅದರಲ್ಲಿ ಅವಮಾನವಿಲ್ಲ.

ಘಾಟಿ ಹತ್ತುವ ಮೊದಲು

ಮಧ್ಯಾಹ್ನಕ್ಕೆ ದಡ ಮುಟ್ಟುತ್ತೀರಿ. ಊಟ ಮಾಡಿ ಹೊರಟರೆ ರಾತ್ರಿ ಹತ್ತಕ್ಕೆ ಮನೆ, ಸೋಮವಾರ ಕೆಲಸಕ್ಕೆ ಹಾಜರು. ನಾವೂ ಮೊದಲ ಸಲ ಹೀಗೆಯೇ ಮಾಡಿದೆವು. ಮಾಡಬಾರದಿತ್ತು.

ಡೈವಿಂಗ್ ಆದ ಕೂಡಲೇ ವಿಮಾನ ಹತ್ತಬಾರದು ಎಂಬುದನ್ನು ಕೇಳಿರಬಹುದು. ಒತ್ತಡದಲ್ಲಿ ಉಸಿರಾಡಿದಾಗ ರಕ್ತ, ಮಾಂಸದಲ್ಲಿ ಸೇರಿಕೊಂಡ ಹೆಚ್ಚಿನ ಸಾರಜನಕ ಮೆಲ್ಲಗೆ ಹೊರಹೋಗಬೇಕು. ಅಷ್ಟರಲ್ಲಿ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ಇಳಿದು, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ದೇಹದೊಳಗೆ ಗುಳ್ಳೆ ಏಳಬಹುದು. ವಿಮಾನವಿಲ್ಲದ ಊರಿನವರು ನಾವು, ನಮಗೇನು ಎಂದುಕೊಳ್ಳಬೇಡಿ. ಡೈವಿಂಗ್ ಮಾಡುವವರ ಸುರಕ್ಷತೆ ನೋಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ ಅನ್ವಯವಾಗುವುದು 2000 ಅಡಿ, ಅಂದರೆ ಸುಮಾರು 610 ಮೀಟರ್ ಎತ್ತರದಿಂದ. ದಾವಣಗೆರೆ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ, ಆ ಗೆರೆಯ ಹೊಸ್ತಿಲಲ್ಲಿ. ಚಿತ್ರದುರ್ಗ 730ರ ಆಸುಪಾಸು, ಗೆರೆಯ ಆಚೆ. ನಿಮ್ಮ ಊರೇ ಒಂದು ಸಣ್ಣ ವಿಮಾನ.

ಒಂದೇ ಒಂದು ಡೈವ್ ಆಗಿದ್ದರೆ 12 ಗಂಟೆ, ಎರಡು ಅಥವಾ ಹೆಚ್ಚು ಮಾಡಿದ್ದರೆ 18 ಗಂಟೆ ಕಾಯಬೇಕು ಎಂಬುದು ಆ ಸಲಹೆ. ಹೊಸಬರು ಹತ್ತು ಮೀಟರಿನಲ್ಲಿ ಅರ್ಧ ಗಂಟೆ ಇದ್ದರೆ ಸೇರುವ ಸಾರಜನಕ ಕಡಿಮೆಯೇ, ಅಪಾಯವೂ ಸಣ್ಣದು. ಆದರೂ ಆ ರಾತ್ರಿ ಮುರುಡೇಶ್ವರದಲ್ಲೋ ಹೊನ್ನಾವರದಲ್ಲೋ ಉಳಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಲೆ, ಬಿಸಿಲು, ವಾಂತಿಯಿಂದ ಹಿಂಡಿಹೋದ ಮನುಷ್ಯ ಕತ್ತಲಲ್ಲಿ ಗೇರುಸೊಪ್ಪೆ ಘಾಟಿಯ ತಿರುವುಗಳಲ್ಲಿ ಸ್ಟಿಯರಿಂಗ್ ಹಿಡಿಯುವುದು ಸಾರಜನಕಕ್ಕಿಂತ ದೊಡ್ಡ ಅಪಾಯ.

ಆ ರಾತ್ರಿಯಾಗಲಿ ಮರುದಿನವಾಗಲಿ ಕೀಲುಗಳಲ್ಲಿ ಕಾರಣವಿಲ್ಲದ ನೋವು, ಕೈಕಾಲು ಜುಮ್ಮೆನ್ನುವುದು, ಮರಗಟ್ಟುವುದು, ತಲೆಸುತ್ತು, ಎದೆನೋವು, ಚರ್ಮದ ಮೇಲೆ ಕಲೆ ಕಂಡರೆ ‘ಸುಸ್ತು, ಮಲಗಿದರೆ ಹೋಗುತ್ತದೆ’ ಎನ್ನದೆ ಆಸ್ಪತ್ರೆಗೆ ಹೋಗಿ. ವೈದ್ಯರಿಗೆ ಹೇಳಬೇಕಾದ ಮೊದಲ ವಾಕ್ಯ: ನಾನು ಸ್ಕೂಬಾ ಡೈವಿಂಗ್ ಮಾಡಿ ಬಂದಿದ್ದೇನೆ, ಇಷ್ಟು ಆಳ, ಇಷ್ಟು ಹೊತ್ತು. ನಮ್ಮ ಕಡೆಯ ವೈದ್ಯರು ದಿನವೂ ನೋಡುವ ಕಾಯಿಲೆಯಲ್ಲ ಅದು. ನೀವು ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

ಮಲಗಿದ ಮೇಲೂ ಹಾಸಿಗೆ ತೂಗಿದಂತೆ ಅನಿಸುವುದು ಸಹಜ, ಬೆಳಗಾಗುವಷ್ಟರಲ್ಲಿ ಸಾಮಾನ್ಯವಾಗಿ ನಿಲ್ಲುತ್ತದೆ. ಬೆಳಿಗ್ಗೆ ಹೊರಟು ಘಾಟಿ ಹತ್ತಿ, ಮಾವಿನಗುಂಡಿಯಲ್ಲಿ ಗಾಡಿ ನಿಲ್ಲಿಸಿ ಚೀಲ ತೆಗೆಯಿರಿ. ಉಳಿದ ಮಂಡಕ್ಕಿಗೆ ಈಗ ಈರುಳ್ಳಿ, ಹಸಿಮೆಣಸಿನಕಾಯಿ, ಎಣ್ಣೆ ಎಲ್ಲ ಹಾಕಿ ಕಲಸಬಹುದು.